ನಿಂತಲ್ಲೇ ಓಡುವ ಮರದ ಬಂಡಿ

ಈಜು ಕಲಿಯಬೇಕಾದರೆ ನೀರಿಗೆ ಇಳಿಯಲೇಬೇಕು ಎನ್ನುತ್ತಾರೆ ಹಿರಿಯರು. ಮಾತು ನಿಜವೇ. ಆದರೆ ಮೊದಲ ತಪ್ಪೇ ಕೊನೆಯ ತಪ್ಪಾಗುವಂಥ ವಿದ್ಯೆಗಳೂ ಕೆಲವುಂಟು. ಅಂಥವನ್ನು ದಡದ ಮೇಲೆಯೇ ಅಷ್ಟಿಷ್ಟು ಕಲಿಯಲು ಮನುಷ್ಯ ಬಹುಕಾಲದಿಂದ ಮರದ ಮೊರೆ ಹೊಕ್ಕಿದ್ದಾನೆ. ಇಂದಿನ ಹುಡುಗರು ಹಲಗೆಗಳನ್ನು ಜೋಡಿಸಿ, ಮೇಲೊಂದು ಆಸನವಿಟ್ಟು, ಮುಂದೆ ಸ್ಟಿಯರಿಂಗ್ ಚಕ್ರವನ್ನೂ ಕಾಲ ಬಳಿ ಪೆಡಲುಗಳನ್ನೂ ಬಿಗಿದು, ಕಂಪ್ಯೂಟರ್ ತೆರೆಯ ಮೇಲಿನ ರಸ್ತೆಯಲ್ಲಿ ಮೋಟಾರು ಪಂದ್ಯ ನಡೆಸುವುದನ್ನು ನೀವು ಕಂಡಿರಬಹುದು. ಇದಕ್ಕೆ ಸಿಮ್ಯುಲೇಟರ್ ಎಂದು ಹೆಸರು. ಮಕ್ಕಳಾಟವೆಂದು ನಕ್ಕುಬಿಡಬೇಡಿ; ಇದರ ವಂಶ ದೊಡ್ಡದು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೆಯ ಶತಮಾನದ ಗ್ರಂಥ. ಮಲ್ಲರು ಕಂಬವನ್ನು ಹಿಡಿದು ಸಾಧನೆ ಮಾಡುವ ವಿಚಾರ ಅದರಲ್ಲಿ ಬಂದಿದೆ. ಇನ್ನೂ ಹಿಂದೆ, ರೋಮನ್ನರ ಹೊಸ ಸೈನಿಕರು ಮರದ ಕುದುರೆಗಳ ಮೇಲೆ ಹತ್ತಿ ಇಳಿಯುವುದನ್ನು ಕಲಿಯುತ್ತಿದ್ದರೆಂದು ವೆಜಿಟಿಯಸ್ ಎಂಬ ಗ್ರಂಥಕಾರ ಬರೆದಿದ್ದಾನೆ. ಆದರೆ ಕಂಬಕ್ಕೂ ಮರದ ಕುದುರೆಗೂ ಒಂದೇ ಕೊರತೆ. ಕಲಿಯುವವನು ತಪ್ಪಿದರೂ ಅವು ಸುಮ್ಮನಿರುತ್ತವೆ. ತಪ್ಪಿಗೆ ಉತ್ತರ ಕೊಡುವ ಮರ ಬೇಕಾಗಿತ್ತು.

ವಿಮಾನ ಹಾರತೊಡಗಿದಾಗ ಆ ಅಗತ್ಯ ಹೆಚ್ಚಿತು. 1910ರ ಸುಮಾರಿಗೆ ಫ್ರಾನ್ಸಿನಲ್ಲಿ ಆಂತ್ವಾನೆತ್ ವಿಮಾನದ ಶಿಷ್ಯರಿಗಾಗಿ ಒಂದು ಉಪಾಯ ಹೂಡಿದರು. ಅರ್ಧ ಪೀಪಾಯಿಯ ಮೇಲೆ ಇನ್ನೊಂದು ಅರ್ಧ ಪೀಪಾಯಿ; ಅದರ ಮೇಲೆ ಶಿಷ್ಯ. ಸುತ್ತ ನಿಂತವರು ಅದನ್ನು ವಾಲಿಸಬೇಕು. ಅವನು ಕೈಚಕ್ರ ತಿರುಗಿಸಿ ಸಮಕ್ಕೆ ತರಬೇಕು. ನೋಡಿದವರಿಗೆ ನಗೆ, ಕಲಿತವನಿಗೆ ಜೀವರಕ್ಷೆ.

ಮುಂದಿನ ಹೆಜ್ಜೆ ಇಟ್ಟವನು ಅಮೆರಿಕದ ಎಡ್ವಿನ್ ಲಿಂಕ್. ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಅವನ ತಂದೆಗೆ ಪಿಯಾನೋ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆಯಿತ್ತು. ವಿಮಾನ ಕಲಿಯುವ ಖರ್ಚು ಲಿಂಕನಿಗೆ ದುಬಾರಿಯೆನಿಸಿತು. ಆರ್ಗನ್ನಿನ ತಿದಿಗಳನ್ನೇ ತೆಗೆದು ಮರದ ಪುಟ್ಟ ವಿಮಾನವೊಂದರ ಕೆಳಗಿಟ್ಟ. ಒಳಗೆ ಕುಳಿತವನು ಹಿಡಿಯನ್ನು ಎಳೆದಂತೆ ತಿದಿಗಳು ಉಬ್ಬಿ ಕುಗ್ಗಿ ವಿಮಾನವನ್ನು ವಾಲಿಸಿದವು. ಮರ ಉತ್ತರ ಕೊಟ್ಟಿತು! 1929ರ ಹೊತ್ತಿಗೆ ಯಂತ್ರ ಸಿದ್ಧವಾದರೂ ಮೊದಮೊದಲು ಕೊಂಡವರು ಹೆಚ್ಚಾಗಿ ಜಾತ್ರೆ-ವಿನೋದಗಳ ಉದ್ಯಾನದವರು. 1934ರಲ್ಲಿ ಅಮೆರಿಕದ ಸೇನಾ ವಿಮಾನಗಳು ಟಪ್ಪಾಲು ಹೊತ್ತು ಕತ್ತಲೆ ಮಂಜುಗಳಲ್ಲಿ ಹಾರಿದವು. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ವೈಮಾನಿಕರು ಸತ್ತರು. ಆಗ ಸೇನೆಗೆ ಆ ಆಟಿಕೆಯ ಬೆಲೆ ತಿಳಿಯಿತು. ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವಷ್ಟರಲ್ಲಿ ತಯಾರಾದವು 10,000ಕ್ಕೂ ಹೆಚ್ಚು.

ಮೋಟಾರು ಪಂದ್ಯಕ್ಕೂ ಇದೇ ನ್ಯಾಯ. ಮನೆಯಲ್ಲಿ ಕುಳಿತು ತೆರೆಯ ಮೇಲೆ ಓಡಿಸಿ ಕಲಿತ ಬ್ರಿಟನ್ನಿನ ಯಾನ್ ಮಾರ್ಡನ್‌ಬರೊ ಎಂಬ ತರುಣ 2011ರಲ್ಲಿ ಸ್ಪರ್ಧೆಯೊಂದನ್ನು ಗೆದ್ದು ನಿಜವಾದ ಕಾರೇರಿದ. 2013ರಲ್ಲಿ ಪ್ರಸಿದ್ಧ ಲ ಮಾನ್ ಪಂದ್ಯದಲ್ಲಿ ತನ್ನ ವರ್ಗದ ಮೂರನೆಯ ಸ್ಥಾನ ಪಡೆದ.

ಇದೆಲ್ಲ ದೂರದ ಮಾತೆನ್ನುವಿರಾ? ಮರಿಯಮ್ಮನಹಳ್ಳಿಯನ್ನು ನೆನೆಯಿರಿ. ನಾಟಕಕ್ಕೆ ಹೆಸರಾದ ಊರು. ಲಿಂಕನ ಆರ್ಗನ್ನಿನ ತಿದಿಗೂ ನಾಟಕದ ಹಾರ್ಮೋನಿಯಮ್ಮಿನ ತಿದಿಗೂ ಸಮೀಪದ ನಂಟು. ಮರದ ತೇರಿನ ಗಾಲಿಗೆ ಮರದ ತುಂಡನ್ನೇ ಒಡ್ಡಿ ಅದರ ದಿಕ್ಕು ತಿದ್ದುವ ಜಾಣ್ಮೆ ನಮ್ಮ ಸೀಮೆಗೆ ಹೊಸದಲ್ಲ. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಸಾಗುವ ಹೆದ್ದಾರಿಯೂ ಇಲ್ಲೇ ಹಾದಿದೆ. ವೇಗದ ಹುಚ್ಚಿರುವ ತರುಣ ತನ್ನ ಮೊದಲ ತಪ್ಪನ್ನು ಆ ಹೆದ್ದಾರಿಯಲ್ಲಿ ಮಾಡುವುದು ಲೇಸೋ, ಹಲಗೆಯ ಮೇಲೆ ಮಾಡುವುದು ಲೇಸೋ, ನೀವೇ ಹೇಳಿ.

ಕಟ್ಟುವ ಕೆಲಸ ಊರ ಬಡಗಿಯ ಕೈಮೀರಿದ್ದಲ್ಲ. 18 ಮಿಲಿಮೀಟರ್ ದಪ್ಪದ ಪ್ಲೈವುಡ್, ಇಲ್ಲವೆ ಗಟ್ಟಿ ಮರದ ಪಟ್ಟಿಗಳು. ಗುಜರಿಯಿಂದ ತಂದ ಹಳೆಯ ಕಾರಿನ ಆಸನ. ಮುಖ್ಯವಾದ ಸೂತ್ರ ಒಂದೇ: ಆಸನ, ಚಕ್ರ, ಪೆಡಲು ಮೂರೂ ಒಂದೇ ಅಡಿಪಾಯಕ್ಕೆ ಸೇರಿರಬೇಕು. ಇಲ್ಲವಾದರೆ ಬ್ರೇಕನ್ನು ಬಲವಾಗಿ ತುಳಿದಾಗ ಕುರ್ಚಿ ಹಿಂದಕ್ಕೆ ಸರಿಯುತ್ತದೆ, ಕಾಲಿನ ಅಳತೆ ಕೆಡುತ್ತದೆ. ಚಕ್ರದ ಒಳಗಿನ ಮೋಟಾರು ನಡುಗಿಸುವುದರಿಂದ ಮೊಳೆ ಸಾಲದು, ಬೋಲ್ಟು ಬೇಕು. ಚಕ್ರ ಹೊತ್ತ ಕಂಬಗಳಿಗೆ ಓರೆಯಾಗಿ ಆಸರೆ ಕೊಡಬೇಕು. ಅಣ್ಣನಿಗೂ ತಮ್ಮನಿಗೂ ಒಗ್ಗುವಂತೆ ಆಸನ ಹಿಂದೆ ಮುಂದೆ ಸರಿಯುವ ಏರ್ಪಾಡಿದ್ದರೆ ಇನ್ನೂ ಒಳ್ಳೆಯದು.

ಹಲಗೆಯ ಮೇಲೆ ಕಲಿತದ್ದೇ ಪೂರ್ತಿ ವಿದ್ಯೆಯಲ್ಲ. ನೆಲದ ಕುಲುಕು, ಎದುರಿಗೆ ಬರುವವರ ಪ್ರಾಣದ ಹೊಣೆ, ಇವು ನಿಜವಾದ ರಸ್ತೆಯಲ್ಲೇ ತಿಳಿಯಬೇಕು. ಆದರೆ ನೀರಿಗಿಳಿಯುವ ಮುನ್ನ ಕೈಕಾಲು ಆಡಿಸಲು ಕಲಿತವನು ಬೇಗ ತೇಲುತ್ತಾನೆ. ಮನೆಯ ಹುಡುಗ ಹಲಗೆ, ಗರಗಸ ಕೇಳಿದರೆ ಗದರಬೇಡಿ. ಅಳತೆಪಟ್ಟಿಯ ಒಂದು ತುದಿಯನ್ನು ನೀವೇ ಹಿಡಿಯಿರಿ.