ಒಂದು ಬಿಟ್ಟಿನ ಗಡಿ: ‘ಪಸ್ತಾಪುರ’ ತಂತಿಯಲ್ಲಿ ಹೋಗುವ ಬಗೆ

ಸ್ಕ್ರೀನ್ ಕಾಣ್ತಾ ಇದೆ ಅಂದ್ಕೊಳ್ತೀನಿ. ಕನ್ನಡ ಎಂ.ಎ. ಓದುವವರಿಗೆ ಮೈಕ್ರೋಕಂಟ್ರೋಲರ್ ಯಾಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಲಿಪಿಯ ಇತಿಹಾಸ ಶಾಸನ, ತಾಳೆಗರಿ, ಅಚ್ಚುಮೊಳೆಗೆ ಮುಗಿಯುವುದಿಲ್ಲ, ತಂತಿಯಲ್ಲೂ ಮುಂದುವರಿಯುತ್ತದೆ ಅನ್ನೋದು ನನ್ನ ವಾದ.

‘ಪಸ್ತಾಪುರ’ ಎಂಬ ಹೆಸರನ್ನೇ ತಗೊಳ್ಳೋಣ. ಜಹೀರಾಬಾದ್ ಪಕ್ಕದ ಊರು. ಹೈದರಾಬಾದ್ ರಾಜ್ಯದಲ್ಲಿ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯ ತಾಲ್ಲೂಕುಗಳು; ತಾಂಡೂರು ಗುಲ್ಬರ್ಗದ್ದು. 1956ರ ನವೆಂಬರ್ 1ರಂದು ಬೀದರ್, ಗುಲ್ಬರ್ಗ ಮೈಸೂರಿಗೆ ಸೇರಿದವು, ಈ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಜಹೀರಾಬಾದಿನ ನಿರ್ಣಾ ವೃತ್ತ ಮಾತ್ರ ಈಚೆಗೆ ಉಳಿಯಿತು.

ಈಗ ಈ ಹೆಸರನ್ನು ಆರ್ಡುಯಿನೋ ಬೋರ್ಡಿನಿಂದ ಸೀರಿಯಲ್ ತಂತಿಯಲ್ಲಿ ಕಳಿಸೋಣ. ಬಿಟ್‌ಗಳು ಒಂದರ ಹಿಂದೆ ಒಂದು ಹೋಗುತ್ತವೆ. ಪ್ರತಿ ಬೈಟಿಗೆ ಮೊದಲು ಸ್ಟಾರ್ಟ್ ಬಿಟ್, ಆಮೇಲೆ ಎಂಟು ಬಿಟ್, ಕೊನೆಗೆ ಸ್ಟಾಪ್ ಬಿಟ್, ಒಟ್ಟು ಹತ್ತು. ಕಂಪ್ಯೂಟರಿಗೆ ‘ಪಸ್ತಾಪುರ’ ಅಂದ್ರೆ ಎಂಟು ಸಂಕೇತ: ಪ, ಸ, ವಿರಾಮ, ತ, ದೀರ್ಘ, ಪ, ಉಕಾರ, ರ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಅಂದರೆ 24 ಬೈಟ್, 240 ಬಿಟ್. 9600 ಬಾಡ್ ವೇಗದಲ್ಲಿ 25 ಮಿಲಿಸೆಕೆಂಡ್.

ಇದಕ್ಕೂ ಹಿಂದೆ 1991ರ ಭಾರತೀಯ ಮಾನಕ ಇಸ್ಕಿಯಲ್ಲಿ 8 ಬೈಟ್ ಸಾಕಿತ್ತು. ನನಗೆ ಮುಖ್ಯ ಅನಿಸೋದು ಬೇರೆ: ಇಸ್ಕಿಯಲ್ಲಿ ಕನ್ನಡದ ಪ, ತೆಲುಗಿನ ಪ ಎರಡಕ್ಕೂ ಒಂದೇ ಸಂಖ್ಯೆ. ಯಾವ ಲಿಪಿಯಲ್ಲಿ ತೋರಿಸಬೇಕು ಅನ್ನೋದು ಬೇರೆ ಸೂಚನೆ. ಒಂದೇ ಕಾಗುಣಿತದಲ್ಲಿ ಬರೆದರೆ ಊರಿನ ಹೆಸರು ಎರಡು ಭಾಷೆಯಲ್ಲೂ ಅದೇ ಎಂಟು ಬೈಟ್. ಅದೇ ವರ್ಷ ಬಂದ ಯೂನಿಕೋಡ್ ಎರಡು ಲಿಪಿಗೂ ಬೇರೆ ಬೇರೆ ಮನೆ ಕೊಟ್ಟಿತು, ಆದರೆ ಅಕ್ಕಪಕ್ಕದಲ್ಲಿ. ಎರಡರ ನಡುವೆ ಅಂತರ 128.

(ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳು 2008ರ ಅಕ್ಟೋಬರ್ 15ರಿಂದ ಮಾಚನೂರಿನಲ್ಲಿ ಸಂಘಂ ರೇಡಿಯೋ ನಡೆಸುತ್ತಿದ್ದಾರೆ. ದನಿಗೆ ಈ ಮನೆ ಹಂಚಿಕೆಯ ತಾಪತ್ರಯವೇ ಇಲ್ಲ!)

ತಂತಿಯಲ್ಲಿ ಈ ಅಂತರ ಎಷ್ಟು ಅಂತ ನೋಡಿ. ಕನ್ನಡದ ಪ: 224, 178, 170. ತೆಲುಗಿನ ಪ: 224, 176, 170. ನಡುವಿನ ಬೈಟಿನಲ್ಲಿ ಒಂದೇ ಒಂದು ಬಿಟ್ ವ್ಯತ್ಯಾಸ. ಉಳಿದ ಅಕ್ಷರಗಳದ್ದೂ ಇದೇ ಕಥೆ. ತಂತಿ ಉದ್ದವಾಗಿ, ಪಕ್ಕದಲ್ಲಿ ಪಂಪ್‌ಸೆಟ್ ಮೋಟರ್ ಓಡುತ್ತಾ ಆ ಬಿಟ್ ತಿರುಗಿದರೆ, ಕನ್ನಡದ ಪ ತೆಲುಗಿನದಾಗುತ್ತದೆ. ಆರ್ಡುಯಿನೋ ತಾನಾಗಿ ಹಿಡಿಯುವ ಹೊಂದಾಣಿಕೆಯಲ್ಲಿ ಪ್ಯಾರಿಟಿ ಇಲ್ಲ, ಹಾಗಾಗಿ ದೂರೂ ಬರೋದಿಲ್ಲ. ಪ್ಯಾರಿಟಿ ಬಿಟ್ ಸೇರಿಸಿದರೆ ಒಂಟಿ ತಪ್ಪು ಸಿಕ್ಕಿಬೀಳುತ್ತದೆ. ಯಾವ ಬಿಟ್ ಅಂತ ಗೊತ್ತಾಗಲ್ಲ, ಮತ್ತೆ ಕಳಿಸಬೇಕು.

ಎರಡು ಲಿಪಿಯ ಪ ನೋಡೋಕೆ ಹೆಚ್ಚುಕಡಿಮೆ ಒಂದೇ. ಓದುವವರು ‘ಪಸ್ತಾಪುರ’ ಅಂತಲೇ ಓದಿಕೊಂಡು ಮುಂದೆ ಹೋಗ್ತಾರೆ. ದಾಖಲೆಯಲ್ಲಿ ಆ ಹೆಸರು ಕೊಟ್ಟು ಹುಡುಕಿದರೆ ಮಾತ್ರ ಊರು ಸಿಗೋದಿಲ್ಲ.