ಕನ್ನಡ ಅಂಕಿಗಳ ದತ್ತಸಂಚಯ: ಒಂದು ಚಾರಿತ್ರಿಕ ಟಿಪ್ಪಣಿ

ಯಂತ್ರಕಲಿಕೆಯ ಸಂಶೋಧಕ ವಿನಯ್ ಉದಯ್ ಪ್ರಭು 2019ರಲ್ಲಿ ಪ್ರಕಟಿಸಿದ ‘ಕನ್ನಡ-ಎಂನಿಸ್ಟ್’ ಕನ್ನಡ ಲಿಪಿಯ ಗಣಕೀಯ ಚರಿತ್ರೆಯಲ್ಲಿ ಗಮನಾರ್ಹ ಘಟ್ಟ. ಬೆಂಗಳೂರಿನಲ್ಲಿ 65 ಮಂದಿ ಕನ್ನಡ ಭಾಷಿಕರು ತಲಾ 1,280 ಅಂಕಿಗಳನ್ನು ಬರೆದುಕೊಟ್ಟರು. ಅವುಗಳಿಂದ ಕಲಿಕೆಗೆ 60,000, ಪರೀಕ್ಷೆಗೆ 10,000 ಚಿತ್ರಗಳು ಸಿದ್ಧವಾದವು. ಪ್ರತಿ ಚಿತ್ರವೂ 28×28 ಬಿಂದುಗಳ ಚೌಕ. ಈ ಅಂಕಿಗಳನ್ನು ರೂಢಿಯಲ್ಲಿ ಬಳಸದ ಎಂಟು ಮಂದಿಯ 10,240 ಬರಹಗಳನ್ನು ಪ್ರತ್ಯೇಕವಾಗಿ ಇರಿಸಲಾಯಿತು. ಮೊದಲ ಪರೀಕ್ಷೆಯಲ್ಲಿ ಸುಮಾರು ಶೇ. 97ರಷ್ಟಿದ್ದ ಮಾದರಿಯ ನಿಖರತೆ ಇವುಗಳ ಮುಂದೆ ಸುಮಾರು ಶೇ. 76ಕ್ಕೆ ಇಳಿಯಿತು. ಯಂತ್ರದ ಅರಿವು ಬರೆದವರ ರೂಢಿಗೆ ಎಷ್ಟು ಕಟ್ಟುಬಿದ್ದಿದೆ ಎಂಬುದಕ್ಕೆ ಇದೇ ಸಾಕ್ಷ್ಯ. ಹೀಗಿರುವಲ್ಲಿ, ಕನ್ನಡ ಮತ್ತು ದೇವನಾಗರಿ ಅಂಕಿಗಳೆರಡನ್ನೂ ಕಂಡು ಬೆಳೆಯುವ ಸತ್ತಿ, ಅಥಣಿಯ ಗಡಿಸೀಮೆಯವರ ಕೈಬರಹ ಸೇರದ ಸಂಚಯವನ್ನು ಸಮಗ್ರ ಕನ್ನಡದ ಪ್ರತಿನಿಧಿಯೆಂದು ಪರಿಗಣಿಸಲಾಗದು.