ನೌಕಾಗಾರದಿಂದ ಜೀವಕೋಶಕ್ಕೆ

ಚಿಕ್ಕ ದೋಣಿಯ ಅಳತೆಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದ ಮಾತ್ರಕ್ಕೆ ದೊಡ್ಡ ಹಡಗು ಸಿದ್ಧವಾಗದೆಂಬುದನ್ನು ವೆನಿಸ್ ನಗರದ ಆರ್ಸೆನಲೆಯೆಂಬ ನೌಕಾಗಾರದ ಕುಶಲಕರ್ಮಿಗಳು ಕೈಯ ಅನುಭವದಿಂದಲೇ ಬಲ್ಲವರಾಗಿದ್ದರು. ದೊಡ್ಡ ಹಡಗನ್ನು ನೀರಿಗಿಳಿಸುವಾಗ ಅದು ತನ್ನ ಭಾರದಿಂದ ತಾನೇ ಸೀಳಿಹೋಗದಂತೆ, ಚಿಕ್ಕದಕ್ಕೆ ಎಂದೂ ಬೇಕಾಗದಷ್ಟು ಆಸರೆಗಳನ್ನು ಅದಕ್ಕೆ ಒದಗಿಸುತ್ತಿದ್ದರು. 1592ರಿಂದ 1610ರವರೆಗೆ ಸಮೀಪದ ಪಾದುವಾ ವಿದ್ಯಾಪೀಠದಲ್ಲಿ ಗಣಿತಾಧ್ಯಾಪಕನಾಗಿದ್ದ ಗೆಲಿಲಿಯೊ ಈ ಜನರ ಅನುಭವಕ್ಕೆ ಕಿವಿಗೊಟ್ಟವನು. ಧರ್ಮನ್ಯಾಯಾಲಯದ ಶಿಕ್ಷೆಗೆ ಗುರಿಯಾಗಿ ಆರ್ಚೆತ್ರಿಯ ಮನೆಯಲ್ಲಿ ಬಂಧಿತನಾಗಿದ್ದ ಆ ವೃದ್ಧನು ರಚಿಸಿ, 1638ರಲ್ಲಿ ದೂರದ ಲೈಡನ್ನಿನಲ್ಲಿ ಅಚ್ಚಾದ, ಎರಡು ನೂತನ ವಿಜ್ಞಾನಗಳನ್ನು ಕುರಿತ ಸಂವಾದಗ್ರಂಥವು ಆರಂಭವಾಗುವುದು ಆ ನೌಕಾಗಾರದ ಪ್ರಶಂಸೆಯಿಂದಲೇ. ಕೈಕೆಲಸದವರ ತಿಳಿವಳಿಕೆಗೆ ಶಾಸ್ತ್ರಗ್ರಂಥದ ಮೊದಲ ಪುಟದಲ್ಲಿ ಸ್ಥಾನವಿತ್ತ ಆ ಸೌಜನ್ಯವನ್ನು ನಾನು ಬಹು ದೊಡ್ಡದೆಂದು ಎಣಿಸುತ್ತೇನೆ.

ಗೆಲಿಲಿಯೊ ಅಲ್ಲಿ ವಿವರಿಸಿದ ತತ್ತ್ವವು ಸರಳವಾದುದು. ವಸ್ತುವಿನ ಉದ್ದ ಇಮ್ಮಡಿಯಾದರೆ ಅದರ ಹೊರಮೈ ನಾಲ್ಮಡಿಯಾಗುತ್ತದೆ, ಘನಫಲವಾದರೋ ಎಂಟುಮಡಿಯಾಗುತ್ತದೆ. ಭಾರಿ ಪ್ರಾಣಿಯ ಎಲುಬು ಉದ್ದಕ್ಕೆ ಮೀರಿ ದಪ್ಪವಾಗಬೇಕಾದುದೂ, ನೀರಿನಲ್ಲಿ ಕದಡಿದ ನುಣ್ಣನೆಯ ಧೂಳು ಬೇಗ ತಳವನ್ನು ಸೇರದಿರುವುದೂ ಇದರಿಂದಲೇ ಎಂದು ಅವನು ತೋರಿಸಿದನು.

ಇದೇ ಲೆಕ್ಕವು ಜೀವಕೋಶದ ಗಾತ್ರಕ್ಕೂ ಸಲ್ಲುತ್ತದೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುಹೋಳಿನಲ್ಲಿ ಕೋಶಗಳನ್ನು ಕಂಡನಾದರೂ, ಅವು ಅಷ್ಟು ಚಿಕ್ಕವೇಕೆಂಬ ಪ್ರಶ್ನೆ ಬಲವಾಗಿ ಎದ್ದುದು, ಪ್ರಾಣಿಗಳ ಮೈಯೂ ಕೋಶಮಯವೆಂದು 1839ರಲ್ಲಿ ಶ್ವಾನ್ ಸಾರಿದ ಬಳಿಕವೇ. ಆನೆಯ ಮೈಕೋಶಗಳು ಇಲಿಯವಕ್ಕಿಂತ ಬಹುಮಟ್ಟಿಗೆ ದೊಡ್ಡವಲ್ಲ. ಸಂಖ್ಯೆಯಲ್ಲಿ ಮಾತ್ರ ಅಧಿಕ. 1860ರ ದಶಕದಲ್ಲಿ ಹರ್ಬರ್ಟ್ ಸ್ಪೆನ್ಸರ್ ತನ್ನ ಜೀವಶಾಸ್ತ್ರಗ್ರಂಥದಲ್ಲಿ ಬೆಳವಣಿಗೆಯ ಮಿತಿಗೆ ಆ ಹಳೆಯ ಲೆಕ್ಕವನ್ನೇ ಅನ್ವಯಿಸಿದನು: ಆಹಾರವು ಒಳಬರುವುದು ಹೊರಮೈಯ ಮೂಲಕ, ಅದನ್ನು ಬೇಡುವುದು ಒಡಲೆಲ್ಲ. ಒಂದು ಮೈಕ್ರಾನ್ ಬದಿಯ ಘನಾಕೃತಿಗೆ ಘನಫಲದ ಪ್ರತಿಯೊಂದು ಅಂಶಕ್ಕೂ ಆರು ಪಾಲು ಹೊರಮೈ ಉಂಟು. ಬದಿ ಹತ್ತು ಮೈಕ್ರಾನ್ ಆದರೆ ಆರು ದಶಾಂಶ ಮಾತ್ರ. ಸ್ಪೆನ್ಸರನಿಗಿಂತ ಮುನ್ನವೇ, 1855ರಲ್ಲಿ, ಅಡಾಲ್ಫ್ ಫಿಕ್ ದ್ರವದಲ್ಲಿ ಕರಗಿದ ಪದಾರ್ಥವು ಹರಡುವ ನಿಯಮವನ್ನು ಕಂಡುಹಿಡಿದಿದ್ದನು. ಅದರಂತೆ ಹತ್ತು ಪಾಲು ದೂರವನ್ನು ದಾಟಲು ನೂರು ಪಾಲು ಕಾಲ ಬೇಕು. ಬಾಗಿಲು ಸಾಲದೆ, ಒಳಗಿನ ದಾರಿಯೂ ದೀರ್ಘವಾಗಿ, ಬೆಳೆದ ಕೋಶದ ನಡುಭಾಗವು ಹೀಗೆ ಇಮ್ಮಡಿಯಾಗಿ ಹಸಿಯುತ್ತದೆ.

1903ರಲ್ಲಿ ರಿಚರ್ಡ್ ಹೆರ್ಟ್‌ವಿಗ್ ಇನ್ನೊಂದು ಮಿತಿಯನ್ನು ಸೂಚಿಸಿದನು: ಕೋಶಕೇಂದ್ರಕ್ಕೂ ಅದರ ಸುತ್ತಣ ದ್ರವ್ಯಕ್ಕೂ ಗೊತ್ತಾದ ಪ್ರಮಾಣವೊಂದಿರಬೇಕು. ಇಂಥ ಮಿತಿಯನ್ನು ಮುಟ್ಟಿದ ಕೋಶಕ್ಕೆ ಇಬ್ಭಾಗವಾಗುವುದು ಒಂದು ಉಪಾಯ. 1928ರಲ್ಲಿ ಬರ್ಲಿನ್ನಿನ ಮ್ಯಾಕ್ಸ್ ಹಾರ್ಟ್‌ಮನ್ ಅಮೀಬವೊಂದು ಬೆಳೆದು ಇಬ್ಭಾಗವಾಗುವ ಹೊತ್ತಿಗೆ ಅದರ ಒಡಲಿನ ಚೂರನ್ನು ಕತ್ತರಿಸಿ ತೆಗೆದನು. ಮತ್ತೆ ಬೆಳೆಯಿತು, ಮತ್ತೆ ಕತ್ತರಿಸಿದನು. ಹೀಗೆ ತಿಂಗಳುಗಟ್ಟಲೆ ಅದು ವಿಭಜನೆಯನ್ನೇ ಹೊಂದದೆ ಬದುಕಿತು. ವಿಭಜನೆಗೆ ಕಾರಣ ಹೊರಮೈಯ ಕೊರತೆಯೋ ಕೇಂದ್ರದ ಅಶಕ್ತಿಯೋ ಎಂಬುದನ್ನು ಈ ಪ್ರಯೋಗ ಬೇರ್ಪಡಿಸಿ ಹೇಳದು; ಆದರೆ ಗಾತ್ರಕ್ಕೂ ವಿಭಜನೆಗೂ ಇರುವ ನಂಟನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿದ ಪರೀಕ್ಷೆಯನ್ನು ನಾನರಿಯೆ.

ವಿಭಜನೆಯಲ್ಲದೆ ಬೇರೆ ಉಪಾಯಗಳೂ ಉಂಟು. ನರಕೋಶವು ಉದ್ದವಾಗಿಯೂ ಅತ್ಯಂತ ಸಪುರವಾಗಿಯೂ ಇರುತ್ತದೆ. ಸಣ್ಣಕರುಳಿನ ಕೋಶಗಳು ಅತಿಸೂಕ್ಷ್ಮವಾದ ಚಾಚುಗಳಿಂದ ಹೊರಮೈಯನ್ನು ಹೆಚ್ಚಿಸಿಕೊಳ್ಳುತ್ತವೆ. ಕೋಳಿಮೊಟ್ಟೆಯ ಹಳದಿಯಾದರೋ ಬಹುಪಾಲು ಆಹಾರದ ದಾಸ್ತಾನು, ಭ್ರೂಣವಾಗಿ ಬೆಳೆಯುವ ಭಾಗ ಅದರ ಮೇಲಣ ಪುಟ್ಟದೊಂದು ಬಿಳಿಚುಕ್ಕೆ. 1999ರಲ್ಲಿ ನಮೀಬಿಯಾದ ಕರಾವಳಿಯ ಸಮುದ್ರತಳದಲ್ಲಿ ಬರಿಗಣ್ಣಿಗೆ ಕಾಣುವ, ಮುಕ್ಕಾಲು ಮಿಲಿಮೀಟರಿನವರೆಗೂ ಬೆಳೆಯುವ ಗಂಧಕದ ಬ್ಯಾಕ್ಟೀರಿಯಾ ವರದಿಯಾದಾಗ ನಿಯಮವು ಮುರಿದಂತೆ ಕಂಡಿತು. ಪರೀಕ್ಷಿಸಲಾಗಿ, ಅದರ ಒಡಲಿನ ಬಹುಭಾಗವು ನೈಟ್ರೇಟ್ ತುಂಬಿದ ದ್ರವಕೋಶವೇ ಆಗಿದ್ದು, ಜೀವದ್ರವ್ಯವು ಅಂಚಿನ ತೆಳುವಾದ ಪದರದಲ್ಲಿ ಮಾತ್ರವಿತ್ತು.